ಕದಲದ ಅಂಕಿ: ಒಂದು ಆನೆ ಎಂಡ್‌ಗೇಮ್ ಬಿಡಿಸಿದ ಬಗೆ

ಚೆಸ್‌ನ ಎಂಡ್‌ಗೇಮನ್ನು (ಕೆಲವೇ ಕಾಯಿಗಳು ಉಳಿದ ಕೊನೆಯ ಹಂತವನ್ನು) ಎಂಜಿನ್‌ಗೆ, ಅಂದರೆ ಚೆಸ್ ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಕೊಟ್ಟಾಗ, ಯಾರು ಎಷ್ಟು ಮುಂದಿದ್ದಾರೆಂದು ಅದು ತೋರಿಸುವ ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಅದು ಏರುತ್ತಿದೆಯೇ ಅನ್ನುವುದನ್ನು ನಾನು ಗಮನಿಸುತ್ತೇನೆ. ಗೆಲ್ಲುವ ಸ್ಥಿತಿಯಾದರೆ ಆಳಕ್ಕಿಳಿದಂತೆ ಸಾಮಾನ್ಯವಾಗಿ ಅಂಕಿ ಮೇಲೇರುತ್ತದೆ. ನಾನೇ ಆಡಿದ ಆಟವೊಂದರಲ್ಲಿ ಹಾಗಾಗಲಿಲ್ಲ. ಎರಡೂ ಕಡೆ ಒಂದೊಂದು ಆನೆ, ರಾಜನ ಬದಿಯಲ್ಲಿ ಸಮಸಮ ಕಾಲಾಳು, ಬಿಳಿಗೆ ಎ ಫೈಲಿನಲ್ಲಿ (ಅಂಚಿನ ಉದ್ದಸಾಲಿನಲ್ಲಿ) ಒಂದು ಹೆಚ್ಚು. ಸ್ಟಾಕ್‌ಫಿಶ್ ಎಂಬ ಎಂಜಿನ್ ಬಿಳಿಗೆ ಮೇಲುಗೈ ಕೊಟ್ಟಿತು, ಆದರೆ ಎಷ್ಟು ಹೊತ್ತು ಓಡಲು ಬಿಟ್ಟರೂ ಅಂಕಿ ಇದ್ದಲ್ಲೇ ನಿಂತಿತ್ತು.

ಆಗ ಎಂಜಿನ್ ಸೂಚಿಸಿದ ಸಾಲನ್ನೇ ಹಿಡಿದು ರಾಜನ ಬದಿಯ ಕಾಲಾಳುಗಳನ್ನೆಲ್ಲ ಕಡಿದಾಡಿಸಿ ನೋಡಿದೆ. ಕೊನೆಗೆ ಉಳಿದದ್ದು ಐದೇ ಕಾಯಿ. ಬಿಳಿ ರಾಜ ಡಿ4, ಆನೆ ಎ8, ಕಾಲಾಳು ಎ6; ಕಪ್ಪು ರಾಜ ಜಿ7, ಆನೆ ಎಫ್6. ಐದು ಕಾಯಿ ಅಂದರೆ ಊಹೆಗೆ ಜಾಗವಿಲ್ಲ, ಕೆಲವೇ ಕಾಯಿಗಳ ಸ್ಥಿತಿಗಳ ಫಲಿತಾಂಶವನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟ ಸಿಜಿಜಿ ಎಂಬ ಟೇಬಲ್‌ಬೇಸ್‌ನಲ್ಲಿ ಉತ್ತರ ಸಿದ್ಧವಾಗಿದೆ. ಐದು ಕಾಯಿವರೆಗಿನ ಕಡತಗಳು ಸುಮಾರು 1 ಜಿಬಿ, ನನ್ನ ಲ್ಯಾಪ್‌ಟಾಪಿನಲ್ಲೇ ಇವೆ. ಆರಕ್ಕೆ ಸುಮಾರು 150 ಜಿಬಿ ಬೇಕು. ಏಳಕ್ಕೆ 17 ಟಿಬಿ ದಾಟುತ್ತದೆ, ಹಾಗಾಗಿ ಅದನ್ನು ಆನ್‌ಲೈನಿನಲ್ಲೇ ನೋಡುತ್ತೇನೆ.

ಉತ್ತರ: ಡ್ರಾ. ಇದು ವಾನ್ಚುರಾ ಎಂಬವರ ಹೆಸರಿನ ಸ್ಥಿತಿ, ಪ್ರಕಟವಾದದ್ದು 1924ರಲ್ಲಿ.

ಆದರೆ ಡ್ರಾ ಎಂಬ ಒಂದು ಪದದಿಂದ ಏನೂ ಕಲಿತಂತಾಗುವುದಿಲ್ಲ. ನನ್ನ ಅಭ್ಯಾಸವೆಂದರೆ ಒಂದೊಂದೇ ಕಾಯಿಯನ್ನು ಜರುಗಿಸಿ ಮತ್ತೆ ಮತ್ತೆ ಕೇಳುವುದು. ಬಿಳಿ ರಾಜ ಬಿ5ಕ್ಕೆ ಬಂದು ಕಾಲಾಳನ್ನು ಕಾಯಲು ಹೊರಟರೆ? ಎಫ್5ರಿಂದ ಚೆಕ್. ರಾಜ ಬಿ6ಕ್ಕೆ ಹೋದರೆ ಎಫ್6ರಿಂದ ಚೆಕ್. ಅಡ್ಡ ಬರುವ ಈ ಚೆಕ್‌ಗಳಿಂದ ತಪ್ಪಿಸಿಕೊಳ್ಳಲು ಅವನಿಗೆ ಮರೆಯೇ ಇಲ್ಲ. ಕಾಲಾಳನ್ನು ಎ7ಕ್ಕೆ ನೂಕಿದರೆ ಕಪ್ಪು ಆನೆ ಎ6ಕ್ಕೆ ಬಂದು ಹಿಂದಿನಿಂದ ಹಿಡಿಯುತ್ತದೆ. ಇನ್ನು ಕಪ್ಪು ರಾಜ ಜಿ7, ಎಚ್7 ಬಿಟ್ಟು ಅಲುಗುವಂತಿಲ್ಲ. ಎಫ್7ಕ್ಕೆ ಒಂದು ಹೆಜ್ಜೆ ಇಡಿಸಿ ನೋಡಿದೆ, ತೀರ್ಪು ಸೋಲಿಗೆ ತಿರುಗಿತು. ಕಾಲಾಳು ಎ7ರಲ್ಲಿ, ಕಪ್ಪು ಆನೆ ಎ6ರಲ್ಲಿ ಇರುವಾಗ ಬಿಳಿ ಆನೆ ಎಚ್8ಕ್ಕೆ ಹೋಗುತ್ತದೆ. ಕಾಲಾಳನ್ನು ಹೊಡೆದರೆ ಎಚ್7ರಿಂದ ಚೆಕ್, ಎ7ರಲ್ಲಿರುವ ಆನೆ ಹೋಯಿತು. ಒಂದೇ ಮನೆಯ ಅಂತರ! ಆ ಸ್ಥಿತಿ ನನಗೆ ಅರ್ಥವಾದದ್ದು ಹೀಗೆ ಕೆಡಿಸಿ ನೋಡಿದಾಗಲೇ.

ಗೆಲ್ಲುವ ಸ್ಥಿತಿಗಳಲ್ಲಿ ಮಾತ್ರ ಟೇಬಲ್‌ಬೇಸ್ ಹೇಳಿದ ನಡೆಯನ್ನು ಕಣ್ಣುಮುಚ್ಚಿ ಕಲಿಯಬಾರದು. ಸಿಜಿಜಿ ಎಣಿಸುವುದು ಚೆಕ್‌ಮೇಟ್‌ವರೆಗಿನ ದೂರವನ್ನಲ್ಲ. ಮುಂದಿನ ಹೊಡೆತ ಅಥವಾ ಕಾಲಾಳಿನ ನಡೆ ಎಷ್ಟು ದೂರ ಎಂಬುದನ್ನು. ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ ಐವತ್ತು ನಡೆಗಳಾದರೆ ಡ್ರಾ ಕೇಳಬಹುದೆಂಬ ಐವತ್ತು ನಡೆಗಳ ನಿಯಮದ ಲೆಕ್ಕ ಶುರುವಿಗೆ ಮರಳುವುದು ಅವೆರಡರಿಂದಲೇ ತಾನೆ. ಹಾಗಾಗಿ ಯಾರೂ ಆಡದಂಥ ವಿಚಿತ್ರ ನಡೆಗಳನ್ನೂ ಅದು ತೋರಿಸಬಹುದು. ಎರಡು ಒಂಟೆಗಳ ವಿರುದ್ಧ ಒಂಟಿ ಕುದುರೆಯ ಆಟವನ್ನು ಬಹುಕಾಲ ಡ್ರಾ ಎಂದೇ ನಂಬಿದ್ದರು. 1980ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದಾಗ ಗೆಲುವೆಂದು ತಿಳಿಯಿತು. ಕೆಲವು ಸ್ಥಿತಿಗಳಿಗೆ 66 ನಡೆಗಳು ಬೇಕು. ಅಂಥವು ನಿಯಮದಡಿ ಡ್ರಾ ಆಗಿಬಿಡುತ್ತವೆ.

ಇಷ್ಟಾದ ಮೇಲೆ ಟೇಬಲ್‌ಬೇಸನ್ನು ಎಂಜಿನ್‌ಗೆ ಜೋಡಿಸಿ ಮೂಲ ಸ್ಥಿತಿಗೆ ಮರಳಿದೆ. ಕಾಲಾಳುಗಳನ್ನೆಲ್ಲ ಕಡಿದಾಡುವ ಸಾಲುಗಳ ಅಂಕಿ ಸೊನ್ನೆಗೆ, ಅಂದರೆ ಡ್ರಾಗೆ ಇಳಿಯಿತು. ಒಂದು ಜೊತೆಯನ್ನಾದರೂ ಉಳಿಸಿಕೊಳ್ಳುವ ಸಾಲುಗಳಲ್ಲಿ ಬಿಳಿಯ ಮೇಲುಗೈ ಹಾಗೇ ಇತ್ತು. ಅವುಗಳಲ್ಲಿ ಎರಡನ್ನು ಆರಿಸಿ, ಎಂಜಿನ್ ಮುಚ್ಚಿಟ್ಟು, ಈಗ ಕಪ್ಪಿನ ಕಡೆಯಿಂದ ಕೈಯಾರೆ ಆಡಿ ನೋಡುತ್ತಿದ್ದೇನೆ.