ಮುಚ್ಚಿಹೋದ ಕೆರೆಯನ್ನು ಮೂಗಿನಿಂದ ಹುಡುಕುವ ಬಗೆ

ನಾನು ಚಿಕ್ಕವಳಿದ್ದಾಗ ಮನೆ ಹಿಂದೆ ಕೆರೆ ಇತ್ತು. ಈಗ ಅಲ್ಲಿ ಡಾಂಬರು ರಸ್ತೆ, ಸಾಲುಮನೆ. ಒಂದು ಫೋಟೋ ಕೂಡ ಉಳಿದಿಲ್ಲ. ಆದರೆ ಒಣಗಿದ ಹೂಕುಂಡಕ್ಕೆ ನೀರು ಹಾಕಿದರೆ ಸಾಕು, ಕೆರೆ ದಡ ಪಟ್ಟನೆ ಕಾಲಡಿಗೆ ಬರುತ್ತದೆ. ನಿಮಗೂ ಇಂಥದ್ದೊಂದು ಜಾಗ ಇದ್ದರೆ, ನಾನು ಮಾಡಿದ್ದನ್ನು ಮಾಡಿ ನೋಡಿ.

ಮೊದಲು ಆ ಜಾಗದ ವಾಸನೆ ಏತರದ್ದು ಅಂತ ಯೋಚಿಸಿ. ಕೆಸರಿನದೇ? ಕೊಳೆತ ಎಲೆಯದೇ? ಅಲ್ಲಿಯದೇ ಮಣ್ಣು ಸಿಗಬೇಕೆಂದೇನಿಲ್ಲ. ಹಸಿಮಣ್ಣಿನ ವಾಸನೆ ಬರುವುದು ಹೆಚ್ಚಾಗಿ ಜಿಯೋಸ್ಮಿನ್ ಎಂಬ ವಸ್ತುವಿನಿಂದ. ಮಣ್ಣಿನ ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ, ನೀರಿನ ನೀಲಿ-ಹಸಿರು ಪಾಚಿಯೂ ತಯಾರಿಸುತ್ತದೆ. ನನ್ನ ಕುಂಡ ಕೆರೆಯ ಥರ ನಾರುವುದು ಅದಕ್ಕೇ. ‘ಹಸಿಮಣ್ಣಿನ ಸುಗಂಧ’ ಅಂತ ಬರೆದ ಮೇಣದಬತ್ತಿ ಮಾತ್ರ ತರಬೇಡಿ. ಅದರಲ್ಲಿ ಮೇಣದಬತ್ತಿಯೇ ಜಾಸ್ತಿ.

ಒಂದು ಹಿಡಿ ಮಣ್ಣನ್ನು ಒಣಗಿಸಿ, ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ವಾರದಲ್ಲಿ ಡಬ್ಬಿಯ ವಾಸನೆಯೇ ಬರುತ್ತದೆ.

ನೆಗಡಿ ಇಲ್ಲದ ದಿನ, ಚಿಟಿಕೆ ಮಣ್ಣಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಕಣ್ಣು ಮುಚ್ಚಿ ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಹೀರುತ್ತಾ ಕೂರಬೇಡಿ. ಸ್ವಲ್ಪ ಹೊತ್ತಿಗೇ ಮೂಗಿಗೆ ಅಭ್ಯಾಸವಾಗಿ ವಾಸನೆ ತಿಳಿಯದೇ ಹೋಗುತ್ತದೆ. ಆಗ ಹೊರಗೆ ಹೋಗಿ ಸುತ್ತಾಡಿ ಬನ್ನಿ.

ನೆನಪು ಬಂದಾಗ ‘ಎಷ್ಟು ಚೆನ್ನಾಗಿತ್ತು’ ಅಂತ ಬರೆದುಕೊಂಡರೆ ಏನೂ ಪ್ರಯೋಜನವಿಲ್ಲ. ನಿಮ್ಮ ಕಾಲನ್ನೇ ಕೇಳಿ: ಎಲ್ಲಿ ನಿಂತಿದ್ದೀಯ? ನನಗೆ ಮೊದಲು ಸಿಕ್ಕಿದ್ದು ಮೂಲೆ ಮುರಿದ ಒಂದು ಚಪ್ಪಡಿ ಕಲ್ಲು. ನೀರು ಮುಟ್ಟುವಷ್ಟು ಎತ್ತರಕ್ಕೆ ಹಸಿರು ಪಾಚಿ, ಅದರ ಮೇಲೆ ಬಿಸಿಲು. ಅಲ್ಲಿಂದ ಎಡಕ್ಕೆ ಎಂಟು ಹೆಜ್ಜೆಗೆ ಬಾಗಿದ ಮರ, ಮುಂದೆ ನನ್ನ ಫ್ರಾಕ್ ಹರಿದ ತಂತಿಬೇಲಿ. ಹೀಗೆ ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. ಬಂದಂತೆ ಗೀಟು ಎಳೆದು ನಕ್ಷೆ ಮಾಡಿ.

ಆಮೇಲೆ ಆ ಜಾಗ ಕಂಡ ಇನ್ನೊಬ್ಬರ ಕೈಲೂ ನಕ್ಷೆ ಬರೆಸಿ, ನಿಮ್ಮದನ್ನು ತೋರಿಸದೆ. ನೆನಪು ಸುಳ್ಳೂ ಹೇಳುತ್ತದೆ, ಅಲ್ವಾ? ನಮ್ಮಣ್ಣನ ನಕ್ಷೆಯಲ್ಲಿ ಮರ ಬಲಗಡೆ ಇದೆ.

ದಿನಾ ಮೂಸಬೇಡಿ. ನಾನು ಬಾಟಲಿಯನ್ನು ಆಫೀಸಿನ ಮೇಜಿನ ಮೇಲಿಟ್ಟು ಒಂದು ತಿಂಗಳು ಸುಮ್ನೆ ತೆಗೆದು ತೆಗೆದು ಮೂಸಿದೆ. ಕೊನೆಗೆ ಕೆರೆ ಬರಲಿಲ್ಲ, ಫೈಲಿನ ರಾಶಿ ಬಂತು! ಬೇರೆ ಮಣ್ಣು ತಂದು ಮೊದಲಿಂದ ಶುರುಮಾಡಬೇಕಾಯಿತು. ಆ ಬಾಟಲಿ ಈಗ ಬೀರುವಿನಲ್ಲಿದೆ. ಅಣ್ಣ ಬಂದಾಗ ಮಾತ್ರ ತೆಗೆಯುತ್ತೇವೆ. ಮರದ ಜಗಳ ಇನ್ನೂ ಮುಗಿದಿಲ್ಲ.