ಮಲೆನಾಡಿನ ರಸ್ತೆಯಲ್ಲಿ ಊರಿನ ಓಟ: 10 ಕಿ.ಮೀ. ಸ್ಪರ್ಧೆ ನಡೆಸುವುದು ಹೇಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಓಟದ ಸ್ಪರ್ಧೆ ಮಾಡಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರುವುದು ಆಗುಂಬೆ ಘಾಟಿ. ಅದು ಬೇಡ. 14 ಹೇರ್‌ಪಿನ್ ತಿರುವುಗಳ ಆ ದಾರಿ ರಾಷ್ಟ್ರೀಯ ಹೆದ್ದಾರಿ, ಎರಡು ಜಿಲ್ಲೆಗಳ ಗಡಿ, ಪಕ್ಕದಲ್ಲೇ ಸೋಮೇಶ್ವರ ವನ್ಯಜೀವಿಧಾಮ. ಅಷ್ಟೂ ಕಡೆಯ ಅನುಮತಿ ಸಿಕ್ಕರೂ ಅಲ್ಲಿ ಓಡುವವರು ನೋಡುವುದು ಲಾರಿಯ ಹಿಂಭಾಗವನ್ನೇ. ಊರಿನ ಓಟಕ್ಕೆ ಬೇಕಾದದ್ದು ಒಂದು ಪಕ್ಕ ಗದ್ದೆಬಯಲು, ಇನ್ನೊಂದು ಪಕ್ಕ ಅಡಿಕೆ ತೋಟ ಇರುವ, ಬೆಳಗ್ಗೆ ಎರಡೋ ಮೂರೋ ಬಸ್ಸು ಮಾತ್ರ ಓಡಾಡುವ ಒಳರಸ್ತೆ. ಆ ರಸ್ತೆ ಅಲ್ಲಿನ ಜನರದು. ಅವರ ಹಾಲು, ಗೊಬ್ಬರ, ಕೂಲಿಯಾಳು ಎಲ್ಲ ಹೋಗಿಬರುವ ದಾರಿಯನ್ನು ನಾವು ಎರಡು ಗಂಟೆ ಕೇಳಿ ಪಡೆಯುತ್ತಿದ್ದೇವೆ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಈ ಮಾತಿಗೇ ಬಂದು ನಿಲ್ಲುತ್ತದೆ. ಲೆಕ್ಕಗಳೆಲ್ಲ 300 ಓಟಗಾರರ 10 ಕಿ.ಮೀ. ಸ್ಪರ್ಧೆಗೆ. ಮೊದಲ ವರ್ಷ ಅದಕ್ಕಿಂತ ದೊಡ್ಡದಕ್ಕೆ ಕೈಹಾಕಬೇಡಿ.

ದಿನ ಮತ್ತು ದಾರಿ

ನಾಲ್ಕು ತಿಂಗಳು ಮೊದಲೇ ದಿನ ಗೊತ್ತು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಮಾತೇ ಇಲ್ಲ. ಅಕ್ಟೋಬರ್‌ನಲ್ಲಿ ಮಳೆ ನಿಂತರೂ ರಸ್ತೆಯ ಅಂಚಿನ ಹಾವಸೆ ಒಣಗಿರುವುದಿಲ್ಲ. ಜನವರಿಯಿಂದ ಮಂಗನ ಕಾಯಿಲೆಯ ಚಿಂತೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ, ಬೇಸಿಗೆಯತ್ತ ಹೋದಂತೆ ಹೆಚ್ಚುತ್ತದೆ. ಹಾಗಾಗಿ ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗಿನ ಒಂದು ಭಾನುವಾರ ಒಳ್ಳೆಯದು. ಅದು ಭತ್ತದ ಕೊಯ್ಲಿನ, ಅಡಿಕೆ ಕೊಯ್ಲಿನ ಕಾಲವೂ ಹೌದು. ಆ ದಿನ ಯಾರ ಗದ್ದೆ ಕೊಯ್ಲಿದೆ, ಯಾರು ಹುಲ್ಲನ್ನು ಡಾಂಬರಿನ ಮೇಲೆ ಹರಡುವವರಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳಿ. ಒಕ್ಕಲಿಗೆ ಹರಡಿದ ಹುಲ್ಲಿನ ಮೇಲೆ ಓಡಿದರೆ ಪಾದ ಜಾರುತ್ತದೆ, ಬೆಳೆದವನ ಭತ್ತವೂ ಹಾಳು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಊರಿನ ದೀಪೋತ್ಸವ, ದೊಡ್ಡ ಮದುವೆಗಳ ದಿನ ಬಿಡಿ. ಪೊಲೀಸರೂ ಸ್ವಯಂಸೇವಕರೂ ಅಲ್ಲೇ ಇರುತ್ತಾರೆ.

ದಾರಿಯನ್ನು ಕಾರಿನಲ್ಲಿ ಕೂತು ನೋಡಿ ಒಪ್ಪಬೇಡಿ. ಬೆಳಗ್ಗೆ ಏಳಕ್ಕೆ, ಓಟ ನಡೆಯುವ ಹೊತ್ತಿಗೇ, ನಡೆದು ನೋಡಿ. ರಸ್ತೆ ಪಕ್ಕದ ಎತ್ತರದ ಧರೆಯ ನೆರಳು ಬೀಳುವ ತಿರುವುಗಳಲ್ಲಿ ಬಗ್ಗಿ ಅಂಗೈಯಿಟ್ಟು ಒರೆಸಿ. ದೂರಕ್ಕೆ ಕಪ್ಪಗೆ ಒಣಗಿದಂತೆ ಕಾಣುವ ಡಾಂಬರಿನ ಅಂಚಿನ ಒಂದು ಗೇಣು ಅಗಲ ಹಸಿರು ಪಸೆ ಕೈಗೆ ಹತ್ತುತ್ತದೆ. ಇಬ್ಬನಿ ಬಿದ್ದ ಮೇಲೆ ಅದು ಸಾಬೂನಿನ ಹಾಗೆ. ಇಳಿಜಾರಿನಲ್ಲಿ ತಿರುವಿನ ಒಳಅಂಚು ಹಿಡಿದು ಬರುವ ಓಟಗಾರ ಕಾಲಿಡುವುದು ಸರಿಯಾಗಿ ಅಲ್ಲೇ. ಅಂಥ ಜಾಗ ಪಟ್ಟಿ ಮಾಡಿ, ಓಟಕ್ಕೆ ಮೂರು ದಿನ ಮೊದಲು ಗಟ್ಟಿ ಕಡ್ಡಿಪೊರಕೆ ಮತ್ತು ಮರಳು ಹಾಕಿ ಉಜ್ಜಿಸಿ. ಸುಣ್ಣ ಸುರಿದು ಬಿಟ್ಟರೆ ಅದು ಒದ್ದೆಯಾಗಿ ಇನ್ನಷ್ಟು ಜಾರುತ್ತದೆ. ಅಂಚು ಕಿತ್ತ ಡಾಂಬರು, ಮೋರಿಯ ಪಕ್ಕದ ಗುಂಡಿಗಳಿಗೆ ಜಲ್ಲಿಪುಡಿ ತುಂಬಿ ಗುದ್ದಿಸಿ.

ಹೋಗಿ ಅದೇ ದಾರಿಯಲ್ಲಿ ಬರುವ ಓಟಕ್ಕೆ ಕಾವಲು ಕಡಿಮೆ ಸಾಕು, ಒಂದೇ ನೀರಿನ ಮೇಜು ಎರಡು ಸಲ ಬಳಕೆಗೆ ಬರುತ್ತದೆ. ಆದರೆ ನಮ್ಮ ಹಳ್ಳಿರಸ್ತೆಗಳ ಅಗಲ ಹೆಚ್ಚಿನ ಕಡೆ 3.75 ಮೀಟರ್, ಕೆಲವೆಡೆ 3 ಮೀಟರ್. ಎದುರುಬದುರು ಓಡುವವರ ನಡುವೆ ಒಂದು ಹಾಲಿನ ವ್ಯಾನ್ ಬಂದರೆ ಚರಂಡಿಗೆ ಇಳಿಯುವುದೇ ಗತಿ. ಸುತ್ತುದಾರಿ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ 100 ಜನರ ಮೂರು ತಂಡ ಮಾಡಿ, ಎರಡೆರಡು ನಿಮಿಷದ ಅಂತರದಲ್ಲಿ ಬಿಡಿ, ವೇಗದವರನ್ನು ಮೊದಲು. ಯಾರ ತಂಡ ಯಾವಾಗ ಹೊರಟಿತು ಎಂಬುದು ಅವರ ಚೆಸ್ಟ್ ನಂಬರಿನಿಂದಲೇ ತಿಳಿಯಬೇಕು: 101ರಿಂದ 200, 201ರಿಂದ 300, 301ರಿಂದ 400. ಕೊನೆಯಲ್ಲಿ ಎರಡು, ನಾಲ್ಕು ನಿಮಿಷ ಕಳೆಯುವುದು ಸುಲಭ.

ಅಳತೆ

10 ಕಿ.ಮೀ. ಎಂದು ಬರೆದ ಮೇಲೆ ಅದು 10 ಕಿ.ಮೀ. ಇರಲೇಬೇಕು. ಮೊಬೈಲ್ ಜಿಪಿಎಸ್ ನಂಬುವಂತಿಲ್ಲ. ಮರಗಳ ಮುಚ್ಚಿಗೆ, ಪಕ್ಕದ ಗುಡ್ಡ, ಹಾವಿನಂಥ ತಿರುವುಗಳಲ್ಲಿ ಅದು ಮೂಲೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. 10 ಕಿ.ಮೀ.ನಲ್ಲಿ ನೂರಿನ್ನೂರು ಮೀಟರ್ ಹೆಚ್ಚುಕಡಿಮೆ ಅಪರೂಪವಲ್ಲ. ಜಗತ್ತಿನ ರಸ್ತೆ ಓಟಗಳನ್ನೆಲ್ಲ ಅಳೆಯುವುದು ಸೈಕಲ್ಲಿನಲ್ಲೇ. ಮುಂಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆ ಉಪಕರಣ ಕೂರಿಸುತ್ತಾರೆ. ಅದು ಸಿಗದಿದ್ದರೆ ಗಾಳಿ ಹಾಕುವ ವಾಲ್ವ್ ಗುರುತು ಹಿಡಿದು, ಕೈಯಲ್ಲಿ ಒತ್ತುವ ಕೌಂಟರ್‌ನಿಂದ ಸುತ್ತು ಎಣಿಸಬಹುದು. ಒಬ್ಬರು ತುಳಿಯಲಿ, ಇನ್ನೊಬ್ಬರು ಪಕ್ಕದಲ್ಲಿ ಬಂದು ಎಣಿಸಲಿ.

ಮೊದಲು ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಉಕ್ಕಿನ ಟೇಪಿನಿಂದ 300 ಮೀಟರ್ ಅಳೆದು ಎರಡು ತುದಿಗೆ ಮೊಳೆ ಹೊಡೆಯಿರಿ. ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಅದು ಬೇಡ. ಟಯರಿಗೆ ಬಿಗಿಯಾಗಿ ಗಾಳಿ ಹಾಕಿ ಆ 300 ಮೀಟರನ್ನು ನಾಲ್ಕು ಸಲ ತುಳಿದು ಸರಾಸರಿ ತೆಗೆಯಿರಿ. 142.5 ಸುತ್ತು ಬಂತು ಅಂತಿಟ್ಟುಕೊಳ್ಳಿ. ಮೀಟರಿಗೆ 0.475 ಸುತ್ತು. ಅಳತೆಯಲ್ಲಿ ಸಣ್ಣಪುಟ್ಟ ತಪ್ಪಿಗೆಂದು ಸಾವಿರಕ್ಕೆ ಒಂದು ಪಾಲು ಸೇರಿಸುವುದು ಅಂತರರಾಷ್ಟ್ರೀಯ ಕ್ರಮ. ಅಂದರೆ ನೀವು ಹಾಕಬೇಕಾದದ್ದು 10,010 ಮೀಟರ್, 4,754 ಮುಕ್ಕಾಲು ಸುತ್ತು. ದಾರಿ ಅಳೆದಾದ ಮೇಲೆ ಮತ್ತೆ ಅದೇ 300 ಮೀಟರಿಗೆ ಬಂದು ನಾಲ್ಕು ಸಲ ತುಳಿಯಿರಿ. ಬಿಸಿಲೇರಿದರೆ ಟಯರು ಹಿಗ್ಗಿ ಸುತ್ತು ಕಡಿಮೆಯಾಗುತ್ತದೆ. ಮೊದಲಿನದು, ನಂತರದ್ದು ಎರಡರಲ್ಲಿ ಹೆಚ್ಚಿನ ಎಣಿಕೆಯನ್ನೇ ಹಿಡಿಯಿರಿ. ಆಗ ದಾರಿ ಕೂದಲೆಳೆ ಉದ್ದವಾದೀತು, ಗಿಡ್ಡವಾಗುವುದಿಲ್ಲ.

ತುಳಿಯಬೇಕಾದದ್ದು ಓಟಗಾರ ಹಿಡಿಯಬಹುದಾದ ಅತಿ ಗಿಡ್ಡ ದಾರಿ: ತಿರುವಿನಲ್ಲಿ ಒಳಅಂಚಿನಿಂದ 30 ಸೆಂ.ಮೀ. ಬಿಟ್ಟು, ಒಂದು ತಿರುವಿನಿಂದ ಇನ್ನೊಂದಕ್ಕೆ ನೇರಗೆರೆ. ರಸ್ತೆ ಬಂದ್ ಮಾಡದೆ ಬಲಬದಿಯಲ್ಲೇ ಓಡಿಸುವುದಾದರೆ ಬಲ ಅರ್ಧದೊಳಗೇ ಅಳೆಯಿರಿ. ಆಗ ಓಟದ ದಿನವೂ ಯಾರೂ ಎಡಕ್ಕೆ ದಾಟದಂತೆ ನೋಡಿಕೊಳ್ಳಬೇಕು. ಕಿಲೋಮೀಟರ್ ಗುರುತಿಗೆ ವಾಷರ್ ಹಾಕಿದ ಮೊಳೆಯನ್ನು ಡಾಂಬರಿಗೆ ಹೊಡೆದು, ನೋಟ್‌ಬುಕ್ಕಿನಲ್ಲಿ ಅದರ ವಿಳಾಸ ಬರೆದಿಡಿ: “4 ಕಿ.ಮೀ., ಎರಡನೇ ಮೋರಿಯ ಎಡಗಟ್ಟೆಯಿಂದ ಮುಂದಕ್ಕೆ 4.20 ಮೀಟರ್.” ಬಣ್ಣದ ಗೆರೆ ಒಂದು ಮಳೆಗಾಲ ದಾಟುವುದಿಲ್ಲ.

ಓಟ ಮುಗಿಯುವ ಜಾಗ ಆರಂಭಕ್ಕಿಂತ 10 ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿದ್ದರೆ ಆ ಸಮಯ ದಾಖಲೆಗೆ ಲೆಕ್ಕಕ್ಕಿಲ್ಲ. ಗುಡ್ಡದಿಂದ ಇಳಿಸಿ ಓಡಿಸಿ “ವೇಗದ ದಾರಿ” ಎಂದು ಹೇಳಿಕೊಳ್ಳುವುದು ಸರಿಯಲ್ಲ. ಮೊಣಕಾಲಿಗೂ ಒಳ್ಳೆಯದಲ್ಲ.

ಅನುಮತಿ, ಊರವರು

ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ, ರಸ್ತೆ ಯಾರದೋ ಅವರು, ಅಂದರೆ ಗ್ರಾಮ ಪಂಚಾಯಿತಿ ಅಥವಾ ಲೋಕೋಪಯೋಗಿ ಇಲಾಖೆ, ಕಾಡಿನಂಚು ಇದ್ದರೆ ಅರಣ್ಯ ಇಲಾಖೆ. ಇಷ್ಟು ಕಡೆ ನಕ್ಷೆ ಸಮೇತ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಎರಡು ತಿಂಗಳು ಮೊದಲೇ ಶುರು ಮಾಡಿ. ಮೈಕಿಗೆ ಬೇರೆ ಅನುಮತಿ. ಬೆಳಗ್ಗೆ 6ರ ಮೊದಲು ಧ್ವನಿವರ್ಧಕ ಹಾಕುವಂತಿಲ್ಲ.

ಕಾಗದಕ್ಕಿಂತ ಮುಖ್ಯ ಮನೆಮನೆ ಭೇಟಿ. ದಾರಿಯ ಮೇಲಿನ ಪ್ರತಿ ಮನೆಗೆ ಎರಡು ಸಲ ಹೋಗಿ: ತಿಂಗಳು ಮೊದಲು ಒಮ್ಮೆ, ಎರಡು ದಿನ ಮೊದಲು ಒಮ್ಮೆ. ಕೇಳಬೇಕಾದದ್ದು: ನಾಯಿ ಕಟ್ಟುತ್ತೀರಾ, ದನ ಎಷ್ಟು ಹೊತ್ತಿಗೆ ಬಿಡುತ್ತೀರಿ, ಡೇರಿಗೆ ಹಾಲು ಎಷ್ಟು ಗಂಟೆಗೆ, ಮನೆಯಲ್ಲಿ ಕಾಯಿಲೆಯವರು, ತುಂಬುಬಸುರಿ ಇದ್ದಾರಾ. ಹಾಲು ಹಾಕುವ ಹೊತ್ತನ್ನು ಬದಲಿಸಿ ಎಂದು ಕೇಳಬೇಡಿ, ನಿಮ್ಮ ಓಟವನ್ನೇ ಹೊಂದಿಸಿಕೊಳ್ಳಿ. ಡಿಸೆಂಬರ್ ಆರಂಭದಲ್ಲಿ ಆರೂವರೆಯ ನಂತರವೇ ಸೂರ್ಯ ಹುಟ್ಟುವುದು, ಮಂಜು ಅದಕ್ಕೂ ತಡ. 7 ಗಂಟೆಗೆ ಹೊರಟು 9ಕ್ಕೆ ರಸ್ತೆ ಬಿಟ್ಟುಕೊಡುವುದು ಸರಿಯಾದ ಲೆಕ್ಕ. ಮಂಜಿನಲ್ಲಿ 50 ಮೀಟರ್ ಮುಂದಿನದು ಕಾಣದಿದ್ದರೆ ಕಾಯಿರಿ, ಯಾವ ಅತಿಥಿ ಬಂದಿದ್ದರೂ ಸರಿ.

ಹೆಜ್ಜೇನನ್ನು ಮರೆಯಬೇಡಿ. ದಾರಿಯ ದೊಡ್ಡ ಮರಗಳನ್ನೂ ಸೇತುವೆಯ ಅಡಿಯನ್ನೂ ತಲೆಯೆತ್ತಿ, ಬಗ್ಗಿ ನೋಡಿ. ತಟ್ಟಿ ಇದ್ದರೆ ಆರಂಭಕ್ಕೆ ಪಟಾಕಿ ಇಲ್ಲ, ಡ್ರೋನ್ ಇಲ್ಲ, ಆ ಕಡೆ ಹೊಗೆ ಇಲ್ಲ.

ಮಂಗ ಸತ್ತ ಸುದ್ದಿ ಇದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರ ಮೊದಲು ವಿಚಾರಿಸಿ. ಇದ್ದರೆ ಆ ದಾರಿ ಬಿಡಿ. ಇಲ್ಲದಿದ್ದರೂ ಯಾರೂ ಪೊದೆಯೊಳಗೆ ಹೋಗುವ ಪ್ರಮೇಯ ಬರಬಾರದು. ಅದಕ್ಕೇ ಆರಂಭ ಶಾಲೆಯ ಅಂಗಳದಲ್ಲಿರಲಿ, ಶೌಚಾಲಯ ಕಡಿಮೆಯೆಂದರೂ ಆರು ಇರಲಿ. ಎಲ್ಲರೂ ಸಾಲು ನಿಲ್ಲುವುದು ಓಟಕ್ಕೆ ಅರ್ಧ ಗಂಟೆ ಇರುವಾಗಲೇ. ವಾಹನಗಳನ್ನು ತರಗೆಲೆ ತುಂಬಿದ ಕಾಡಂಚಿನಲ್ಲಿ ನಿಲ್ಲಿಸಬೇಡಿ.

ನೀರು

ಮೇಜು 2.5, 5, 7.5 ಕಿ.ಮೀ.ನಲ್ಲಿ ಮತ್ತು ಕೊನೆಯಲ್ಲಿ. ಜಾಗ ಸಮತಟ್ಟಾಗಿರಬೇಕು, ಇಲ್ಲವೇ ಏರಿನ ಬುಡ. ಇಳಿಜಾರಿನಲ್ಲಿ ಯಾರೂ ನಿಲ್ಲುವುದಿಲ್ಲ, ಚೆಲ್ಲಿದ ನೀರಿನ ಮೇಲೆ ಹಿಂದಿನವರು ಜಾರುತ್ತಾರೆ. ಒಬ್ಬರಿಗೆ 150 ಮಿ.ಲೀ.ನಂತೆ 45 ಲೀಟರ್. ಎರಡನೇ ಲೋಟಕ್ಕೆ, ತಲೆಗೆ ಸುರಿದುಕೊಳ್ಳುವವರಿಗೆ ಸೇರಿಸಿ ಮೇಜಿಗೆ 20 ಲೀಟರಿನ ನಾಲ್ಕು ಕ್ಯಾನ್. ಲೋಟ 450, ಅರ್ಧ ಮಾತ್ರ ತುಂಬಿ. ಜನ ಬಂದ ಮೇಲೆ ನಲ್ಲಿ ತಿರುಗಿಸಿದರೆ ಆಯಿತು ಕಥೆ. ಗುಂಪು ಜೋರಾಗಿರುವಾಗ ನಿಮಿಷಕ್ಕೆ 15–20 ಜನ ಬರುತ್ತಾರೆ, 100 ಲೋಟ ಮೊದಲೇ ತುಂಬಿ ಸಾಲಿಟ್ಟಿರಬೇಕು. ಎರಡು ಮೇಜು 10 ಮೀಟರ್ ಅಂತರದಲ್ಲಿಡಿ, ಇಲ್ಲದಿದ್ದರೆ ಎಲ್ಲರೂ ಮೊದಲ ಮೇಜಿಗೇ ಮುಗಿಬೀಳುತ್ತಾರೆ. ಮೇಜು ದಾಟಿ 50 ಮೀಟರಿಗೊಂದು, 150 ಮೀಟರಿಗೊಂದು ಬಾಯಿ ಅಗಲಿಸಿ ಕಟ್ಟಿದ ಗೋಣಿಚೀಲ. ಪ್ಲಾಸ್ಟಿಕ್ ಲೋಟಕ್ಕೆ 2022ರ ಜುಲೈಯಿಂದ ನಿಷೇಧವಿದೆ. ಕಾಗದದ ಲೋಟವೂ ದನದ ಹೊಟ್ಟೆಗೆ ಹೋಗುವುದೇ.

ಕೊನೆಯಲ್ಲಿ ಮಜ್ಜಿಗೆಗಿಂತ ಒಳ್ಳೆಯದಿಲ್ಲ. 15 ಲೀಟರ್ ಮೊಸರಿಗೆ 45 ಲೀಟರ್ ನೀರು, ಕಾಲು ಕೆ.ಜಿ. ಉಪ್ಪು, ಶುಂಠಿ, ಕರಿಬೇವು. ಸೂಜಿಮೆಣಸು ಹಾಕಬೇಡಿ. ಬಾಳೆಹಣ್ಣು ತಲೆಗೆರಡು. ನೀರು ಕುದಿಸಿ ಆರಿಸಿದ್ದಾಗಿರಲಿ, ಬಾವಿಯಿಂದ ನೇರ ಬೇಡ.

ಕಾವಲು ಮತ್ತು ವೈದ್ಯರು

ಪ್ರತಿ ಕೂಡುರಸ್ತೆ, ಪ್ರತಿ ಕುರುಡು ತಿರುವಿಗೆ ಒಬ್ಬರು. ತಿರುವಿನಲ್ಲೇ ನಿಂತರೆ ಡ್ರೈವರಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ವಾಹನ ಬರುವ ಕಡೆಗೆ 30 ಮೀಟರ್ ಮುಂದೆ ನಿಲ್ಲಿಸಿ. ಕೈಯಲ್ಲಿ ಸೀಟಿ, ಕೆಂಪು ಬಾವುಟ. ಮಾತು ಮೆತ್ತಗಿರಲಿ: “ಅಣ್ಣಾ, ಮಕ್ಕಳೆಲ್ಲ ಓಡ್ತಾ ಇದಾರೆ, ಎರಡು ನಿಮಿಷ ನಿಲ್ಲಿ ಮಾರಾಯ್ರೆ.” ಸ್ಥಳೀಯರನ್ನೇ ಹಾಕಿ, ಡ್ರೈವರಿನ ಮುಖ ಪರಿಚಯವಿದ್ದವನ ಮಾತು ನಡೆಯುತ್ತದೆ. ಗುಡ್ಡದ ಹಿಂದೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಲ್ಲೆಲ್ಲಿ ಸಿಗುತ್ತದೆ ಎಂದು ಮೊದಲೇ ಗುರುತಿಸಿ, ಸಿಗದ ಭಾಗಕ್ಕೆ ಇಬ್ಬರು ಬೈಕಿನವರನ್ನು ಬಿಡಿ. ಕಡೆಯ ಓಟಗಾರನ ಹಿಂದೆ ಸೈಕಲ್ಲಿನಲ್ಲಿ ಒಬ್ಬರು ಬರಲಿ. ಅವರು ದಾಟುವವರೆಗೆ ಯಾರೂ ಜಾಗ ಬಿಡಬಾರದು. ಮೊದಲಿನವರು ಹೋದ ಕೂಡಲೇ ಕಾವಲು ಕರಗುವುದೇ ಹೆಚ್ಚಿನ ಓಟಗಳ ದೊಡ್ಡ ದೋಷ.

108 ಇದೆಯಲ್ಲ ಎಂದು ಕೂರಬೇಡಿ, ಅದು ತಾಲ್ಲೂಕಿಗೆಲ್ಲ ಬೇಕಾದ ಗಾಡಿ. ಆಸ್ಪತ್ರೆಯೊಂದರಿಂದ ಆಂಬುಲೆನ್ಸ್ ಗೊತ್ತು ಮಾಡಿ, ಕೊನೆಯ ಗೆರೆಯ ಬಳಿ ನಿಲ್ಲಿಸಿ. ಕುಸಿಯುವವರು ಹೆಚ್ಚಾಗಿ ಅಲ್ಲೇ ಕುಸಿಯುತ್ತಾರೆ, ಓಟ ತಟಕ್ಕನೆ ನಿಲ್ಲಿಸಿದಾಗ ರಕ್ತ ಕಾಲಿನಲ್ಲೇ ಉಳಿಯುವುದರಿಂದ. ಗೆರೆ ದಾಟಿದವರನ್ನು ನಡೆಸುತ್ತಿರಿ. ಬಿದ್ದರೆ ಮಲಗಿಸಿ ಕಾಲೆತ್ತಿ. ಮೈ ಸುಡುತ್ತ, ಮಾತು ತೊದಲುತ್ತಿದ್ದರೆ ಮೊದಲು ತಣ್ಣೀರು ಸುರಿದು ತಂಪು ಮಾಡಬೇಕು, ಆಸ್ಪತ್ರೆ ಆಮೇಲೆ. ಉಸಿರಿಲ್ಲದಿದ್ದರೆ ಕೂಡಲೇ ಎದೆ ಒತ್ತಬೇಕು. ಹತ್ತು ಜನ ಸ್ವಯಂಸೇವಕರಿಗಾದರೂ ಇದನ್ನು ವೈದ್ಯರಿಂದ ಕಲಿಸಿರಿ.

ಕೊನೆಯ ಗೆರೆ

ಚಿಪ್ ಬಾಡಿಗೆ ದುಬಾರಿ. 300 ಜನಕ್ಕೆ ಕೈಲೆಕ್ಕ ಸಾಕು, ಶಿಸ್ತು ಬೇಕು. ಗೆರೆಯ ಆಚೆ ಹಗ್ಗದ ಓಣಿ ಕಟ್ಟಿ: ಬಾಯಿ 3 ಮೀಟರ್, ತುದಿ 75 ಸೆಂ.ಮೀ., ಉದ್ದ 25 ಮೀಟರ್. ಒಳಗೆ ಬಂದವರು ಒಬ್ಬರನ್ನೊಬ್ಬರು ದಾಟುವಂತಿಲ್ಲ. ಗೆರೆಯಲ್ಲಿ ಒಬ್ಬರು ಸಮಯ ಕೂಗಲಿ, ಇನ್ನೊಬ್ಬರು ಕ್ರಮವಾಗಿ ಬರೆಯಲಿ. ಚೆಸ್ಟ್ ನಂಬರಿನ ಕೆಳಗೆ ಹರಿದು ತೆಗೆಯುವ ಪಟ್ಟಿ ಇರಲಿ, ಅದರಲ್ಲೂ ಅದೇ ನಂಬರ್. ಓಣಿಯ ತುದಿಯಲ್ಲಿ ಅದನ್ನು ಹರಿದು, ದಬ್ಬಣಕ್ಕೆ ಪೋಣಿಸಿದ ಗಟ್ಟಿ ದಾರಕ್ಕೆ, ಮಲ್ಲಿಗೆ ಕಟ್ಟುವ ಹಾಗೆ, ಬಂದ ಕ್ರಮದಲ್ಲೇ ಚುಚ್ಚಿ. ದಾರದ ಕ್ರಮ, ಸಮಯದ ಪಟ್ಟಿ ಎರಡನ್ನೂ ಜೋಡಿಸಿದರೆ ಫಲಿತಾಂಶ.

ಒಂದು ಪಟ್ಟಿ ಬಿಟ್ಟುಹೋದರೆ ಅಲ್ಲಿಂದಾಚೆಗಿನ ಎಲ್ಲರ ಸಮಯವೂ ಒಂದು ಮನೆ ಸರಿದುಬಿಡುತ್ತದೆ. ಅದಕ್ಕೇ ಮೂರನೆಯವರೊಬ್ಬರು ಹತ್ತು ಜನಕ್ಕೊಮ್ಮೆ ನಂಬರನ್ನೂ ಸಮಯವನ್ನೂ ಒಟ್ಟಿಗೆ ಬರೆದಿಡಲಿ. ತಾಳೆ ತಪ್ಪಿದ ಜಾಗ ಆ ಹತ್ತರೊಳಗೇ ಸಿಗುತ್ತದೆ. ಗಡಿಯಾರ ಕಾಣುವಂತೆ ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ವಿಡಿಯೊ ಓಡಿಸಿ, ಪವರ್ ಬ್ಯಾಂಕ್ ಜೊತೆ. ಪಿನ್ನು ನಂಬರಿಗೆ ನಾಲ್ಕು, ಒಟ್ಟು 1,200. ಎರಡೇ ಕೊಟ್ಟರೆ ಗಾಳಿಗೆ ನಂಬರ್ ಮಡಚಿಕೊಂಡು ಓದಲಾಗುವುದಿಲ್ಲ.

ಬಹುಮಾನ ಬೇಗ ಕೊಡಿ, ಭಾಷಣ ಚಿಕ್ಕದಿರಲಿ. ಬೆವರು ಆರಿದ ಮೈಗೆ ಚಳಿ ಹಿಡಿಯುತ್ತದೆ. ಫಲಿತಾಂಶದ ಹಾಳೆಯನ್ನು ಪಂಚಾಯಿತಿಯ ಫಲಕಕ್ಕೂ ಅಂಟಿಸಿ, ದಾರವನ್ನು ಒಂದು ವಾರ ಬಿಚ್ಚದೆ ಇಡಿ, ತಕರಾರು ಬಂದರೆ ಬೇಕಾಗುತ್ತದೆ. ಸೈಕಲ್ಲಿನವರ ಹಿಂದೆಯೇ ನಾಲ್ಕು ಜನ ಗೋಣಿಚೀಲ ಹಿಡಿದು ನಡೆದು ಬರಲಿ, ಚರಂಡಿ, ಮೋರಿಯ ಬಾಯಿ, ತೋಟದ ಬೇಲಿಬುಡ ನೋಡಿಕೊಂಡು. ಹಂಚಿದ ಲೋಟ ಎಷ್ಟು, ಚೀಲಕ್ಕೆ ಬಂದದ್ದು ಎಷ್ಟು ಎಣಿಸಿ. ಲೆಕ್ಕ ತೀರಾ ಕಡಿಮೆ ಬಂದರೆ ದನ ಬಿಡುವ ಮೊದಲು ಇನ್ನೊಂದು ಸುತ್ತು ಹೋಗಿಬನ್ನಿ.