ಮಳೆಗಾಲದ ಸ್ಲೈಡು, ಬೇಸಿಗೆಯ ಸ್ಲೈಡು

ಮಾನವ ತಳಿವಿಜ್ಞಾನ ಓದಲು ಪುಣೆಗೆ ಬರುವ ನಮ್ಮ ಕಡೆಯ ವಿದ್ಯಾರ್ಥಿಗಳು ನನಗೆ ಮೊದಲು ಕೇಳುವ ಪ್ರಶ್ನೆ, ಇಲ್ಲಿನ ಪ್ರಯೋಗಾಲಯದಲ್ಲಿ ಡಿ.ಎನ್.ಎ. ಓದುವ ಯಾವ ಸೀಕ್ವೆನ್ಸಿಂಗ್ ಯಂತ್ರವಿದೆ ಎಂಬುದು. ಕೇಳಬೇಕಾದದ್ದೇ. ಆದರೂ ನಾನು ಅವರಿಗೆ ಹೇಳುವುದು, ಮೊದಲ ವರ್ಷ ವರ್ಣತಂತುಗಳ, ಅಂದರೆ ಕೋಶದೊಳಗೆ ಡಿ.ಎನ್.ಎ. ಹೊತ್ತಿರುವ ಕ್ರೋಮೋಸೋಮುಗಳ, ಸ್ಲೈಡ್ ಮಾಡುವುದನ್ನು ಕೈಯಾರೆ ಕಲಿಯಿರಿ ಎಂದು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ನಾನು ಇಲ್ಲಿ ಪಿಎಚ್.ಡಿ.ವರೆಗೂ ಮಾಡಿದ ಮುಖ್ಯ ಕೆಲಸವೇ ಅದು. ಇಂದಿಗೂ ಅದರ ಬೆಲೆ ಕಡಿಮೆಯಾಗಿದೆ ಎಂದು ನನಗೆ ಅನ್ನಿಸುವುದಿಲ್ಲ.

ಕೆಲಸದ ಕ್ರಮ ಹೀಗೆ. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ನಳಿಕೆಯಲ್ಲಿ ರಕ್ತ ಬರುತ್ತದೆ. ಅದರ ಕೆಲವು ಹನಿಗಳನ್ನು ಪೋಷಕ ದ್ರಾವಣಕ್ಕೆ ಬಿಟ್ಟು, ಜೊತೆಗೆ ಫೈಟೋಹೀಮಾಗ್ಲುಟಿನಿನ್ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಡುತ್ತೇವೆ. ರಕ್ತದಲ್ಲಿರುವ ಲಿಂಫೋಸೈಟ್‌ಗಳು ಎಂಬ ಬಿಳಿ ರಕ್ತಕಣಗಳು ತಾವಾಗಿ ವಿಭಜನೆಯಾಗುವುದಿಲ್ಲ. ಅವನ್ನು ಎಬ್ಬಿಸುವುದು ಈ ಫೈಟೋಹೀಮಾಗ್ಲುಟಿನಿನ್. ರಾಜ್ಮಾ ಕಾಳಿನ ಜಾತಿಯಿಂದ ತೆಗೆದ ಪ್ರೋಟೀನು ಅದು. ಕೊನೆಯಲ್ಲಿ ಕಾಲ್ಚಿಸಿನ್ ಹಾಕಿದರೆ ವಿಭಜನೆ ನಡುವೆಯೇ ನಿಲ್ಲುತ್ತದೆ. ಆ ಹೊತ್ತಿಗೆ ವರ್ಣತಂತುಗಳು ಮುದುಡಿ ದಪ್ಪವಾಗಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವ ಸ್ಥಿತಿಯಲ್ಲಿರುತ್ತವೆ.

ಈ 72 ಗಂಟೆಗಳೇ ನಮ್ಮ ವಾರವನ್ನು ಆಳುತ್ತಿದ್ದವು. ಗುರುವಾರ ಇಟ್ಟರೆ ಭಾನುವಾರ ತೆಗೆಯಬೇಕು, ಊರಿಗೆ ಹೋಗುವ ಮಾತು ಮರೆತುಬಿಡಬೇಕು. ಪುಣೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಅನಂತ ಚತುರ್ದಶಿಯ ವಿಸರ್ಜನೆಯ ಮೆರವಣಿಗೆ ಇಲ್ಲಿ ಮಾರನೆಯ ದಿನದವರೆಗೂ ನಡೆಯುತ್ತದೆ, ಲಕ್ಷ್ಮೀ ರಸ್ತೆ, ಟಿಳಕ್ ರಸ್ತೆಗಳಲ್ಲಿ ವಾಹನ ಹೋಗುವಂತಿಲ್ಲ. ಪೇಠೆಯೊಳಗೆ ಬಾಡಿಗೆಗಿದ್ದ ನಮ್ಮಂಥವರು ಚೌತಿಗೆ ಮುಂಚೆಯೇ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಆ ದಿನ ಯಾವ ಕಲ್ಚರ್ ಕೂಡ ಕೊಯ್ಲಿಗೆ ಬಾರದಂತೆ ನೋಡಿಕೊಳ್ಳುತ್ತಿದ್ದೆವು. ಹೀಗೆ ಬೆಳೆಯಲು ಇಟ್ಟ ಕೋಶಗಳೇ ಕಲ್ಚರ್, ಅವನ್ನು ಹೊರತೆಗೆಯುವುದೇ ಕೊಯ್ಲು, ಪ್ರಯೋಗಾಲಯದ ದಿನಬಳಕೆಯ ಮಾತೇ.

ಕೊಯ್ಲಿನಲ್ಲಿ ಜೀವಕೋಶಗಳನ್ನು ಮೊದಲು ತೆಳುವಾದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡುತ್ತೇವೆ. ನೀರು ಹೀರಿ ಕೋಶ ಉಬ್ಬುತ್ತದೆ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗುತ್ತವೆ. ಟಿ.ಸಿ. ಸು ಎಂಬ ವಿಜ್ಞಾನಿ ಈ ಉಪಾಯವನ್ನು 1952ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಾಲಯದಲ್ಲಿ ಯಾರೋ ಲವಣದ ದ್ರಾವಣವನ್ನು ಅಳತೆ ತಪ್ಪಿ ತೆಳುವಾಗಿ ಬೆರೆಸಿದ್ದರಿಂದ ಅದು ಗೊತ್ತಾಯಿತು. ಅಲ್ಲಿಯವರೆಗೆ ಗುಂಪಾಗಿ ಅಂಟಿಕೊಂಡ ವರ್ಣತಂತುಗಳನ್ನೇ ಎಣಿಸಬೇಕಿತ್ತು, ಮನುಷ್ಯನಿಗೆ 48 ಎಂದೇ ಪುಸ್ತಕಗಳು ಹೇಳುತ್ತಿದ್ದವು. 1956ರಲ್ಲಿ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಅದನ್ನು 46 ಎಂದು ತೋರಿಸಿದರು. ಒಳ್ಳೆಯ ಸ್ಲೈಡ್ ಇಲ್ಲದಿದ್ದರೆ ಎಣಿಕೆಯೇ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲೆ ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಕೋಶಗಳನ್ನು ಮತ್ತೆ ಮತ್ತೆ ತೊಳೆದು, ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಬೀಳಿಸಬೇಕು. ವಿದ್ಯೆಯೆಲ್ಲ ಈ ಹನಿ ಒಣಗುವ ಕೆಲವೇ ಸೆಕೆಂಡುಗಳಲ್ಲಿದೆ. ಹನಿ ಬಿದ್ದೊಡನೆ ಹರಡುತ್ತದೆ, ಅಂಚಿನಲ್ಲಿ ಸಣ್ಣ ಬಣ್ಣದ ಉಂಗುರಗಳು ಮೂಡಿ ಒಳಕ್ಕೆ ಸರಿಯುತ್ತವೆ, ಮೇಲ್ಮೈ ಮರಳಿನಂತೆ ತರಿತರಿಯಾಗುತ್ತದೆ. ಕೋಶಗಳು ಚಪ್ಪಟೆಯಾಗಿ ವರ್ಣತಂತುಗಳು ಹರಡಿಕೊಳ್ಳುವುದು ಆಗಲೇ. ಬೇಗ ಒಣಗಿದರೆ ಅವು ಹರಡುವುದೇ ಇಲ್ಲ, ಒಂದರ ಮೇಲೊಂದು ಬಿದ್ದು ಸುತ್ತ ಮಬ್ಬು ಉಳಿಯುತ್ತದೆ. ತಡವಾಗಿ ಒಣಗಿದರೆ ಅತಿಯಾಗಿ ಚದುರಿ, ಒಂದು ಕೋಶದವು ಪಕ್ಕದ ಕೋಶದವುಗಳೊಂದಿಗೆ ಬೆರೆಯುತ್ತವೆ. ಎಣಿಸಿದರೆ 44 ಬರಬಹುದು, 47 ಬರಬಹುದು, ಯಾವುದನ್ನೂ ನಂಬುವಂತಿಲ್ಲ.

ಇಲ್ಲಿ ಪುಣೆಯ ಹವೆಯೇ ಮೇಷ್ಟ್ರು. ಏಪ್ರಿಲ್‌ನ ಒಣ ಮಧ್ಯಾಹ್ನ ಹನಿ ಬಿದ್ದದ್ದೇ ತಡ ಆರಿಹೋಗುತ್ತದೆ. ಆಗ ತಣ್ಣಗಿನ ಒದ್ದೆ ಸ್ಲೈಡ್ ಬಳಸಿ, ಹನಿ ಬೀಳಿಸಿದ ಕೂಡಲೇ ಬಿಸಿನೀರಿನ ತೊಟ್ಟಿಯ ಹಬೆಯ ಮೇಲೆ ಕ್ಷಣ ಹೊತ್ತು ಹಿಡಿಯುತ್ತಿದ್ದೆ. ಜುಲೈನಲ್ಲಿ ಇದಕ್ಕೆ ತದ್ವಿರುದ್ಧ. ಗೋಡೆಯೂ ತೇವ, ಗಾಳಿಯೂ ತೇವ. ಒಣ ಸ್ಲೈಡ್ ತೆಗೆದುಕೊಂಡು, ಬೆಚ್ಚಗಿನ ತಟ್ಟೆಯ ಮೇಲಿಟ್ಟು ಒಣಗುವಿಕೆಗೆ ಸ್ವಲ್ಪ ಅವಸರ ಕೊಡಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸ್ಲೈಡಿನ ಎದುರು ಆ ದಿನದ ಕೋಣೆಯ ಉಷ್ಣತೆ, ತೇವಾಂಶ ಬರೆದಿರುತ್ತಿದ್ದೆ. ಸುಮಾರು 25 ಡಿಗ್ರಿ, 50 ಶೇಕಡಾ ತೇವಾಂಶದ ಆಸುಪಾಸಿನಲ್ಲಿ ಕೆಲಸ ಸಲೀಸು. ಹವಾನಿಯಂತ್ರಿತ ಒಣಗಿಸುವ ಪೆಟ್ಟಿಗೆಗಳು ಈಗ ಸಿಗುತ್ತವೆ, ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಒಂದು ಇಡೀ ಬೇಸಿಗೆ, ಒಂದು ಇಡೀ ಮಳೆಗಾಲ ಕೈಯಲ್ಲೇ ಮಾಡಿದವರಿಗೆ ಆ ಪೆಟ್ಟಿಗೆ ಏನು ಮಾಡುತ್ತಿದೆ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ ಎಂದು ಮಾತ್ರ ಹೇಳುತ್ತೇನೆ.

ಬಣ್ಣ ಹಾಕುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೋಟೀನು ಕರಗಿಸುವ ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಕೆಲವು ಸೆಕೆಂಡು ಅದ್ದಿ ಗೀಮ್ಸಾ ಬಣ್ಣ ಕೊಟ್ಟು, ಪ್ರತಿ ವರ್ಣತಂತುವಿನ ಗುರುತಾಗುವ ಅಡ್ಡಪಟ್ಟೆಗಳನ್ನು ಮೂಡಿಸುವ ಪದ್ಧತಿ 1971ರಿಂದ ಬಳಕೆಯಲ್ಲಿದೆ. ಹೊತ್ತು ಕಡಿಮೆಯಾದರೆ ಪಟ್ಟೆ ಮೂಡುವುದಿಲ್ಲ, ಹೆಚ್ಚಾದರೆ ಅಂಚು ಕರಗಿಹೋಗುತ್ತದೆ. ಪಟ್ಟೆ ಓದುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಕೂರಬೇಕು. ಒಂದನ್ನೊಂದು ಹೋಲುವ 4 ಮತ್ತು 5ನೆಯ ವರ್ಣತಂತುಗಳು ಹೊಸಬರನ್ನು ಬಹಳ ದಿನ ಸತಾಯಿಸುತ್ತವೆ. 9ನೆಯದರ ನಡುಭಾಗ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಅದು ಕಾಣುತ್ತದೆ.

ಇಷ್ಟು ಶ್ರಮ ಈಗ ಏಕೆ ಎಂದು ಕೇಳುವವರಿಗೆ ಒಂದು ಕುಟುಂಬದ ವಿಷಯ ಹೇಳಬೇಕು. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಸೊಲ್ಲಾಪುರದ ಕಡೆಯ ಕನ್ನಡದವರು, ಸೋದರಮಾವನಿಗೇ ಕೊಟ್ಟ ಮದುವೆ, ಮೇಲಿಂದ ಮೇಲೆ ಗರ್ಭಪಾತ. ಕುಟುಂಬಗಳಿಗೆ ತಳಿದೋಷಗಳ ಬಗ್ಗೆ ತಿಳಿಹೇಳುವ ಸಮಾಲೋಚಕಿಗೆ ಮರಾಠಿ ಮಾತ್ರ ಬರುತ್ತಿದ್ದರಿಂದ ವಂಶವೃಕ್ಷ ಬರೆಯಲು ನನ್ನನ್ನು ಕರೆದರು. ಬರೆಯುತ್ತ ಹೋದಂತೆ ಗೆರೆಗಳು ಬಂದು ಬಂದು ಒಬ್ಬ ಹಿರಿಯಾಕೆಯ ಹತ್ತಿರವೇ ಕೂಡುತ್ತಿದ್ದವು. ಹೆಂಡತಿಗೆ ಆಕೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಆ ಅಜ್ಜಿ ಜೊತೆಗೇ ಬಂದಿದ್ದರು. ‘ಸಂಬಂಧದೊಳಗೆ ಕೊಡಬಾರದು ಎಂದು ಎಲ್ಲರೂ ಹೇಳಿದ್ದರು, ನಾನೇ ಹಟ ಮಾಡಿ ಮಾಡಿಸಿದೆ. ಅದಕ್ಕೇ ಹೀಗಾಯಿತೇನು, ತಂಗೀ?’ ಎಂದು ನನ್ನನ್ನೇ ಕೇಳಿದರು. ಉತ್ತರ ಹೇಳುವ ಅಧಿಕಾರ ವಿದ್ಯಾರ್ಥಿಗೆ ಇರುವುದಿಲ್ಲ. ವರದಿ ಬರಲಿ ಅಜ್ಜಿ, ಡಾಕ್ಟರು ಎಲ್ಲ ಬಿಡಿಸಿ ಹೇಳುತ್ತಾರೆ ಎಂದೆ.

ಗಂಡನ ವರ್ಣತಂತುಗಳು ಸರಿಯಿದ್ದವು. ಹೆಂಡತಿಯಲ್ಲಿ ಎರಡು ವರ್ಣತಂತುಗಳು ತಮ್ಮ ತುದಿಗಳನ್ನು ಪರಸ್ಪರ ಬದಲಿಸಿಕೊಂಡಿದ್ದವು. ಏನೂ ಕಳೆದಿಲ್ಲ, ಏನೂ ಹೆಚ್ಚಿಲ್ಲ, ಆದ್ದರಿಂದ ಆಕೆ ಆರೋಗ್ಯವಾಗಿದ್ದಾಳೆ. ಆದರೆ ಅಂಡಾಣುವಿಗೆ ಹಂಚಿಕೆಯಾಗುವಾಗ ಲೆಕ್ಕ ತಪ್ಪಬಹುದು, ಅಂಥ ಭ್ರೂಣ ಹೆಚ್ಚಾಗಿ ಉಳಿಯುವುದಿಲ್ಲ. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಒಬ್ಬರಲ್ಲಿ ಇಂಥ ಅದಲುಬದಲು ಸಿಗುತ್ತದೆ. ಈಗ ಬಳಕೆಯಲ್ಲಿರುವ ಮೈಕ್ರೋಅರೇ ಎಂಬ ಡಿ.ಎನ್.ಎ. ಪರೀಕ್ಷೆ ಅಳೆಯುವುದು ಡಿ.ಎನ್.ಎ.ಯ ಕೊರತೆ ಮತ್ತು ಹೆಚ್ಚಳವನ್ನು. ಪ್ರಮಾಣ ಸರಿಯಿರುವ ಅದಲುಬದಲು ಅದಕ್ಕೆ ಕಾಣುವುದಿಲ್ಲ. ಸೂಕ್ಷ್ಮದರ್ಶಕದಡಿ, ಚೆನ್ನಾಗಿ ಹರಡಿದ ಒಂದು ಕೋಶದಲ್ಲಿ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಸಮಾಲೋಚಕಿ ಹೇಳಿದ್ದನ್ನು ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಸಂಬಂಧದ ಮದುವೆಯಲ್ಲಿ ಅಪಾಯ ಹೆಚ್ಚುವುದು ತಂದೆ ತಾಯಿ ಇಬ್ಬರಲ್ಲೂ ಒಂದೇ ಅಡಗಿದ ದೋಷವಿದ್ದಾಗ, ಥಲಸ್ಸೀಮಿಯಾದಂಥ ಕಾಯಿಲೆಗಳಲ್ಲಿ. ಇದು ಆ ಬಗೆಯದಲ್ಲ. ಒಬ್ಬರಲ್ಲಿದ್ದರೆ ಸಾಕು, ಹೊರಗಿನ ಮನೆಗೆ ಕೊಟ್ಟಿದ್ದರೂ ಹೀಗೇ ಆಗಬಹುದಿತ್ತು. ಅಜ್ಜಿ ಎರಡು ಸಲ ಹೇಳಿಸಿಕೊಂಡು ಕೇಳಿದರು.

ಮುಂದಿನ ಗರ್ಭದಲ್ಲಿ ಬಸಿರುನೀರಿನ ಪರೀಕ್ಷೆ ಮಾಡಿಸಬಹುದು ಎಂಬ ಮಾತೂ ಬಂತು. ಆ ನೀರಿನಲ್ಲಿರುವ ಮಗುವಿನ ಕೋಶಗಳಿಂದ ಮಾಡಿದ ಸ್ಲೈಡಿನಲ್ಲಿ ಎಕ್ಸ್, ವೈ ವರ್ಣತಂತುಗಳು ನಮಗೆ ಕಾಣುತ್ತವೆ, ಆದರೆ ಮಗು ಗಂಡೋ ಹೆಣ್ಣೋ ಎಂದು ಯಾರಿಗೂ ತಿಳಿಸುವಂತಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕೇಂದ್ರ ಕಾಯ್ದೆ ಅದನ್ನು ಅಪರಾಧವಾಗಿಸಿದೆ. ಮಹಾರಾಷ್ಟ್ರದಲ್ಲಂತೂ 1988ರಿಂದಲೇ ಇಂಥ ಕಾಯ್ದೆ ಇತ್ತು. ಹೊಸ ವಿದ್ಯಾರ್ಥಿಗೆ ಪಿಪೆಟ್ ಕೈಗೆ ಕೊಡುವ ಮೊದಲು ಈ ಮಾತನ್ನು ಹೇಳಬೇಕು, ಊಟದ ಮನೆಯಲ್ಲಿ ಗೆಳೆಯರೊಂದಿಗೆ ಕೂಡ ಆಡಬಾರದು ಎಂದು ಸ್ಪಷ್ಟವಾಗಿ ಹೇಳಬೇಕು.

ಹೊರಡುವ ಮುಂಚೆ ಗಂಡ ಇನ್ನೊಂದು ಕೇಳಿದರು. ಹೆಂಡತಿಯ ತಂಗಿಗೆ ವರ ನೋಡುತ್ತಿದ್ದಾರೆ, ಅವಳಿಗೂ ಇದು ಇರಬಹುದೇ? ತಾಯಿಯಿಂದ ಬಂದದ್ದಾದರೆ ಅವಳಿಗೂ ಬಂದಿರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಹಾಗಾದರೆ ನಾಳೆಯೇ ಅವಳ ರಕ್ತ ಕಳಿಸುತ್ತೇವೆ ಎಂದರು. ಸಮಾಲೋಚಕಿ ಒಪ್ಪಲಿಲ್ಲ. ರಕ್ತ ಕಳಿಸುವುದಲ್ಲ, ಅವಳೇ ಬರಬೇಕು, ತಿಳಿದುಕೊಳ್ಳಬೇಕೋ ಬೇಡವೋ ಅವಳೇ ಹೇಳಬೇಕು, ಒಪ್ಪಿಗೆ ಪತ್ರಕ್ಕೆ ಅವಳೇ ಸಹಿ ಮಾಡಬೇಕು. ಅವಳಿಗೆ ಮರಾಠಿ ಬಾರದಿದ್ದರೆ ಆ ಪತ್ರವನ್ನು ಕನ್ನಡದಲ್ಲಿ ಸಿದ್ಧಮಾಡಿಡು ಎಂದು ನನಗೆ ಹೇಳಿದರು. ಅಂದೇ ಸಂಜೆ ಕೂತು ಬರೆದೆ.